ಕಕ್ಕದಲ್ಲಿ ಹುಳ ಕಾಣ್ತಿಲ್ಲ ಅಂದ್ರೆ ನಾಯಿಗೆ ಹುಳ ಆಗಿಲ್ಲ ಅಂತಾನಾ?

ಪ್ರಶ್ನೆ: ನಮ್ಮದು ಎಂಟು ತಿಂಗಳ ನಾಟಿ ನಾಯಿ. ಊಟ ಚೆನ್ನಾಗೇ ಮಾಡುತ್ತೆ, ಆದ್ರೆ ತಿಂದಿದ್ದು ಮೈಗೆ ಹತ್ತುತಾನೇ ಇಲ್ಲ. ದಿನಾ ಕಕ್ಕ ನೋಡ್ತೀನಿ, ಒಂದು ಹುಳಾನೂ ಕಾಣಲ್ಲ. ಹುಳ ಇಲ್ಲ ಅಂತ ಬಿಟ್ಬಿಡ್ಲಾ?

ಬಿಡಬೇಡಿ. ಹೊಟ್ಟೆಲಿರೋ ಹುಳ ಜಾಸ್ತಿ ಪಾಲು ಅಲ್ಲೇ ಇರುತ್ತೆ, ಹೊರಗೆ ಬರೋದು ಅದರ ಮೊಟ್ಟೆ, ಅದು ಮೈಕ್ರೋಸ್ಕೋಪ್ ಇಲ್ದೆ ಕಾಣಲ್ಲ. ಕಣ್ಣಿಗೆ ಸಿಗೋದು ಮುಖ್ಯವಾಗಿ ಎರಡು: ಒಂದು ಲಾಡಿಹುಳದ ತುಂಡು, ಅಕ್ಕಿ ಕಾಳಿನ ಥರ ಬಾಲದ ಕೆಳಗಿನ ಕೂದಲಿಗೋ ಮಲಗೋ ಬಟ್ಟೆಗೋ ಅಂಟ್ಕೊಂಡಿರುತ್ತೆ, ಇನ್ನೊಂದು ಉದ್ದನೆ ಬಿಳಿ ದುಂಡುಹುಳ, ಇದನ್ನ ಮರಿಗಳು ವಾಂತಿಲೂ ಹಾಕ್ತವೆ. ಲಾಡಿಹುಳ ಕಂಡ್ರೆ ಮೈಮೇಲೆ ಚಿಗಟಾನೂ ಹುಡುಕಿ, ಚಿಗಟ ನುಂಗಿದ್ರಿಂದಲೇ ಅದು ಸಾಮಾನ್ಯವಾಗಿ ಬರೋದು.

ನನಗೆ ನಿಜವಾಗ್ಲೂ ಭಯ ಇರೋದು ಕೊಕ್ಕೆಹುಳದ ಬಗ್ಗೆ. ಒಂದೆರಡು ಸೆಂಟಿಮೀಟರ್ ಉದ್ದ ಅಷ್ಟೇ, ಕರುಳಿಗೆ ಕಚ್ಕೊಂಡು ರಕ್ತ ಹೀರ್ತಾ ಇರುತ್ತೆ, ನಾಯಿ ಸುಸ್ತಾಗುತ್ತೆ, ಕಕ್ಕ ಕಪ್ಪಗೆ ಅಂಟಂಟಾಗುತ್ತೆ, ಚಿಕ್ಕ ಮರಿಯಾದ್ರೆ ಸತ್ತೇ ಹೋಗಬಹುದು. ಅದಕ್ಕೇ ಕಕ್ಕಕ್ಕಿಂತ ಮೊದಲು ತುಟಿ ಎತ್ತಿ ವಸಡು ನೋಡಿ ಅಂತೀನಿ. ತಿಳಿ ಗುಲಾಬಿ ಬಣ್ಣ ಇರಬೇಕು, ಬೆರಳಲ್ಲಿ ಒತ್ತಿ ಬಿಟ್ರೆ 2 ಸೆಕೆಂಡ್ ಒಳಗೆ ಬಣ್ಣ ವಾಪಸ್ ಬರಬೇಕು. ನಾಟಿ ನಾಯಿಗಳಲ್ಲಿ ಎಷ್ಟೋ ಸಲ ವಸಡೇ ಕಪ್ಪಗಿರುತ್ತೆ, ಆಗ ಕೆಳಗಿನ ಕಣ್ಣುರೆಪ್ಪೆ ಸ್ವಲ್ಪ ಎಳೆದು ಒಳಗೆ ನೋಡಿ. ಬಿಳಿಚ್ಕೊಂಡಿದ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಹೋಗಿ.

ಬಿಳಿಚ್ಕೊಳ್ಳೋದಕ್ಕೆ ಮೈಗೆ ಕಚ್ಕೊಂಡು ರಕ್ತ ಹೀರೋ ಉಣ್ಣೆನೂ (ಟಿಕ್) ಕಾರಣ ಇರಬಹುದು. ಕಿವಿ ಒಳಗೆ, ಬೆರಳ ಸಂದಿ, ಕಾಲರ್ ಕೆಳಗೆ, ಕಂಕುಳು, ಇಲ್ಲೆಲ್ಲ ಕೈಯಾಡ್ಸಿ ನೋಡಿ. ಸಿಕ್ಕಿದ್ರೆ ಚಿಮಟದಲ್ಲಿ ಚರ್ಮಕ್ಕೆ ಹತ್ರ ಹಿಡಿದು ನೇರ ಎಳೀರಿ, ಸೀಮೆಎಣ್ಣೆ ಮಾತ್ರ ದಯವಿಟ್ಟು ಹಚ್ಚಬೇಡಿ, ಚರ್ಮನೂ ಸುಡುತ್ತೆ, ನೆಕ್ಕಿದ್ರೆ ಹೊಟ್ಟೆಗೂ ಹೋಗುತ್ತೆ. ಉಣ್ಣೆ ಎಲ್ಲ ಕಿತ್ತು ವಾರಗಳಾದ್ಮೇಲೂ ಟಿಕ್ ಫೀವರ್, ಅಂದ್ರೆ ಉಣ್ಣೆ ಕಚ್ಚಿದ್ರಿಂದ ಹರಡೋ ರೋಗ, ಬರಬಹುದು: ಜ್ವರ, ಊಟ ಬಿಡೋದು, ಮೂಗಲ್ಲಿ ರಕ್ತ, ಉಚ್ಚೆ ಕಡು ಕಂದು ಬಣ್ಣ. ಇದಕ್ಕೆ ರಕ್ತ ಪರೀಕ್ಷೆನೇ ಆಗಬೇಕು, ಹುಳದ ಮಾತ್ರೆಯಿಂದ ಇದು ಹೋಗಲ್ಲ.

ಹಿಂಭಾಗ ನೆಲಕ್ಕೆ ಉಜ್ಜಿದ್ರೆ ಹುಳ ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದು ಬಹಳ ಸಲ ಗುದದ ಪಕ್ಕದ ಗ್ರಂಥಿ ತುಂಬ್ಕೊಂಡಿರೋದ್ರಿಂದ ಆಗುತ್ತೆ.

ನಿಮ್ಮ ನಾಯಿ ವಿಷಯದಲ್ಲಿ, ಅವತ್ತಿನ ಕಕ್ಕ ಸ್ವಲ್ಪ ಮುಚ್ಚಳ ಇರೋ ಡಬ್ಬಿಲಿ ಹಾಕ್ಕೊಂಡು ಪಶು ಆಸ್ಪತ್ರೆಗೆ ಹೋಗಿ, ಮೊಟ್ಟೆ ಇದೆಯಾ ಅಂತ ಪರೀಕ್ಷೆ ಮಾಡಿಸಿ, ತೂಕ ನೋಡಿಸಿ, ಮಾತ್ರೆ ಡೋಸ್ ತೂಕದ ಮೇಲೇ ಕೊಡೋದು, ಮನೇಲಿರೋ ಮನುಷ್ಯರ ಮಾತ್ರೆ ಅರ್ಧ ಮುರಿದು ಕೊಡೋದು ಬೇಡ. ಒಂದು ಸಲ ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬಂದ್ರೂ ಪರೀಕ್ಷೆ ಅಷ್ಟಕ್ಕೇ ನಿಲ್ಲಿಸ್ಬೇಡಿ, ಮೊಟ್ಟೆ ದಿನಾ ಬೀಳಲ್ಲ. ಮರಿಗಳಿಗೆ ತಾಯಿ ಹೊಟ್ಟೆಲೇ ದುಂಡುಹುಳ ಬರೋದ್ರಿಂದ 2 ವಾರಕ್ಕೇ ಔಷಧಿ ಶುರು ಮಾಡ್ತಾರೆ, ದೊಡ್ಡ ನಾಯಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ. ಮನೇಲಿ ಮಣ್ಣಲ್ಲಿ ಆಡೋ ಮಕ್ಕಳಿದ್ರೆ ಅಂಗಳದ ಕಕ್ಕ ದಿನಾ ತೆಗೀರಿ, ದುಂಡುಹುಳದ ಮೊಟ್ಟೆಗಳು ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರ್ತವೆ, ಕೈಯಿಂದ ಬಾಯಿಗೆ ಹೋದ್ರೆ ಮಕ್ಕಳ ಕಣ್ಣಿಗೂ ತೊಂದ್ರೆ ಮಾಡಬಹುದು.