ಅಶ್ವತ್ಥಾಮ ಈಗಲೂ ಬದುಕಿದ್ದಾನಾ?

ಪ್ರಶ್ನೆ: ಅಶ್ವತ್ಥಾಮ ಇನ್ನೂ ಕಾಡಿನಲ್ಲಿ ಅಲೆಯುತ್ತಿದ್ದಾನಂತೆ, ಹಣೆಯ ಗಾಯ ಇವತ್ತಿಗೂ ಒಣಗಿಲ್ಲವಂತೆ. ನಮ್ಮ ಬ್ರಹ್ಮಗಿರಿ ಕಡೆಯೂ ಇರಬಹುದಾ?

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದು, ಕರೆಂಟು ಹೋಗಿ, ಮನೆಮಂದಿಯೆಲ್ಲ ಒಲೆ ಮುಂದೆ ಕೂತರೆ ಸಾಕು, ಈ ಪ್ರಶ್ನೆ ಹುಟ್ಟುತ್ತದೆ. ಉತ್ತರ ಕಳೆದ ವರ್ಷದ್ದೇ: ಇಲ್ಲ. ಬ್ರಹ್ಮಗಿರಿಯಲ್ಲಿ ನಿಮಗೆ ಸಿಗುವುದು ಮಂಜು ಮತ್ತು ಜಿಗಣೆ.

ದ್ರೋಣನ ಮಗ ಅಶ್ವತ್ಥಾಮನಿಗೆ ಕೃಷ್ಣ ಕೊಟ್ಟ ಶಾಪ ಮಹಾಭಾರತದ ಸೌಪ್ತಿಕಪರ್ವದ 16ನೇ ಅಧ್ಯಾಯದಲ್ಲಿದೆ. ಜೊತೆಗಾರರಿಲ್ಲದೆ, ಮಾತಿಗೊಬ್ಬರಿಲ್ಲದೆ, ಮೈತುಂಬ ರೋಗ, ಕೀವು ನೆತ್ತರ ನಾತ ಹೊತ್ತು ನಿರ್ಜನ ಕಾಡುಗಳಲ್ಲಿ ತಿರುಗು ಎನ್ನುತ್ತಾನೆ. ಎಷ್ಟು ಕಾಲ? ‘ತ್ರೀಣಿ ವರ್ಷಸಹಸ್ರಾಣಿ’, 3000 ವರ್ಷ. ಕಲಿಯುಗ ಮುಗಿಯುವ ತನಕ ಎಂಬ ಮಾತು ಅಲ್ಲಿ ಇಲ್ಲವೇ ಇಲ್ಲ.

ಈಗ ಲೆಕ್ಕ ಹಾಕಿ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ, ಕ್ರಿ.ಶ. 634ರದ್ದು. ಭಾರತಯುದ್ಧ ನಡೆದು 3735 ವರ್ಷವಾಯಿತು ಎನ್ನುತ್ತದೆ ಅದು. 3735ರಲ್ಲಿ 3000 ಕಳೆಯಿರಿ. ಇಮ್ಮಡಿ ಪುಲಕೇಶಿಯ ಕಾಲಕ್ಕೇ ಶಾಪ ತೀರಿ 735 ವರ್ಷ ದಾಟಿತ್ತು! ಯುದ್ಧ ನಿಜಕ್ಕೂ ಅದೇ ವರ್ಷ ನಡೆಯಿತಾ ಎನ್ನುವುದು ಬೇರೆ ಜಗಳ. ಆದರೆ ಶಾಪವನ್ನು ಅಕ್ಷರಶಃ ನಂಬುವವರು ಅದರೊಳಗಿನ ಅಂಕಿಯನ್ನೂ ನಂಬಬೇಕಲ್ಲ.

‘ಮತ್ತೆ ಅವನು ಚಿರಂಜೀವಿ ಅಲ್ವಾ?’ ಇದು ತಪ್ಪದೆ ಬರುವ ಎರಡನೇ ಪ್ರಶ್ನೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಏಳು ಜನರ ಶ್ಲೋಕ ಎಲ್ಲರಿಗೂ ಬಾಯಿಪಾಠ. ಚಿರ ಎಂದರೆ ಬಹುಕಾಲ ಅಷ್ಟೆ. ಮದುವೆ ಕಾಗದದಲ್ಲಿ ಹುಡುಗನ ಹೆಸರಿನ ಹಿಂದೆ ‘ಚಿ.’ ಎಂದು ಹಾಕಿಸುತ್ತೇವೆ; ಅವನಿಗೆ ಸಾವೇ ಇಲ್ಲ ಎಂದು ಯಾರಾದರೂ ತಿಳಿಯುತ್ತಾರಾ? ಭಾಗವತದ ಎಂಟನೇ ಸ್ಕಂಧವಂತೂ ಇವನನ್ನು ಮುಂದಿನ ಮನ್ವಂತರದ, ಅಂದರೆ ಮುಂದಿನ ಮನುವಿನ ಕಾಲದ, ಸಪ್ತರ್ಷಿಗಳಲ್ಲಿ ಒಬ್ಬ ಎಂದು ಎಣಿಸುತ್ತದೆ. ಋಷಿಯಾಗಬೇಕಾದವನನ್ನು ನಾವು ಗಾಯಕ್ಕೆ ಎಣ್ಣೆ ಬೇಡುವ ಭಿಕ್ಷುಕ ಮಾಡಿಟ್ಟಿದ್ದೇವೆ.

ಆ ಗಾಯದ್ದೂ ಇದೇ ಕಥೆ. ಹಣೆಯ ಮಣಿ ಕಿತ್ತದ್ದರಿಂದ ಆದದ್ದು ಎನ್ನುತ್ತಾರೆ. ಮಣಿ ಇದ್ದದ್ದು ಹಣೆಯಲ್ಲಲ್ಲ, ತಲೆಯ ಮೇಲೆ, ಹುಟ್ಟುವಾಗಲೇ ಬಂದದ್ದು. ಮಹಾಭಾರತದಲ್ಲಿ ಅದನ್ನು ಯಾರೂ ಕೀಳುವುದಿಲ್ಲ. ವ್ಯಾಸರ ಮಾತಿಗೆ ಒಪ್ಪಿ ಅವನೇ ಕೈಯಾರೆ ಕೊಟ್ಟು, ಮಂಕಾಗಿ ಕಾಡಿಗೆ ನಡೆಯುತ್ತಾನೆ. ಕತ್ತಿಯಿಂದ ಕೂದಲ ಸಮೇತ ಮಣಿ ಕತ್ತರಿಸುವ ಅರ್ಜುನ ಭಾಗವತದ ಮೊದಲನೇ ಸ್ಕಂಧದವನು. ಎರಡು ಗ್ರಂಥ ಕಲಸಿ ಒಂದು ಗಾಯ ಮಾಡಿದ್ದಾಯಿತು.

ಕಲಸಿದ್ದರಿಂದ ನಿಜವಾದ ನಷ್ಟ ಆದದ್ದು ದ್ರೌಪದಿಗೆ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಸಾವಾದರೆ ಎರಡು ಗುಂಡು ಹಾರುತ್ತದೆ, ಊರಿಗೆಲ್ಲ ತಿಳಿಯುತ್ತದೆ. ಅಶ್ವತ್ಥಾಮ ಮಲಗಿದ್ದವರ ಮೇಲೆ ಬಿದ್ದ ಆ ರಾತ್ರಿ ಪಾಂಡವರ ಶಿಬಿರದಲ್ಲಿ ಸುದ್ದಿ ಮುಟ್ಟಿಸಲೂ ಜನ ಉಳಿದಿರಲಿಲ್ಲ. ಅವನು ಒಳಗೆ ಕೊಲ್ಲುತ್ತಿದ್ದ. ಹೊರಗೋಡಿ ಬಂದವರನ್ನು ಬಾಗಿಲಲ್ಲಿ ಕೃಪ, ಕೃತವರ್ಮ ಮುಗಿಸುತ್ತಿದ್ದರು. ದ್ರೌಪದಿಯ ಅಣ್ಣ ಧೃಷ್ಟದ್ಯುಮ್ನನ ಸಾರಥಿಯೊಬ್ಬ ತಪ್ಪಿಸಿಕೊಂಡು, ಬೆಳಿಗ್ಗೆ ಹೋಗಿ ಧರ್ಮರಾಜನಿಗೆ ಹೇಳಿದ. ಉಪಪ್ಲವ್ಯ ಎಂಬ ಊರಲ್ಲಿದ್ದ ದ್ರೌಪದಿಯನ್ನು ನಕುಲ ಕರೆತಂದ. ಐದು ಮಕ್ಕಳು, ಇಬ್ಬರು ಅಣ್ಣತಮ್ಮಂದಿರು ಹೋಗಿದ್ದಾರೆ. ಅವಳು ಅಲ್ಲೇ ಪ್ರಾಯೋಪವೇಶಕ್ಕೆ, ಅಂದರೆ ಊಟ ಬಿಟ್ಟು ಸಾಯಲು, ಕೂತಳು: ಅವನನ್ನು ಕೊಂದು ಮಣಿ ತರದಿದ್ದರೆ ಏಳುವುದಿಲ್ಲ.

‘ಅವನ ತಾಯಿ ನನ್ನ ಹಾಗೆ ಅಳುವುದು ಬೇಡ, ಬಿಡಿ’ ಎನ್ನುವ ದ್ರೌಪದಿ ಭಾಗವತದವಳು. ಮಹಾಭಾರತದವಳು ಅಷ್ಟು ಬೇಗ ಕರಗುವುದಿಲ್ಲ. ಭೀಮ ಮಣಿ ತಂದುಕೊಟ್ಟ ಮೇಲೆಯೇ, ನನ್ನ ಋಣ ತೀರಿತು, ಗುರುಪುತ್ರ ನನಗೂ ಗುರು, ಇದನ್ನು ರಾಜ ಧರಿಸಲಿ ಎನ್ನುತ್ತಾಳೆ. ಆಯುಧ, ರೋಗ, ಹಸಿವು ಯಾವುದರ ಭಯವೂ ಇಲ್ಲದಂತೆ ಕಾಯುವ ಮಣಿ ಅದು. ಧರ್ಮರಾಜನ ತಲೆಗೆ ಹೋಯಿತು.

ಆ ತಾಯಿ ಕೃಪಿ ಸ್ತ್ರೀಪರ್ವದಲ್ಲಿ ಸಿಗುತ್ತಾಳೆ. ಕೂದಲು ಕೆದರಿ, ತಲೆ ತಗ್ಗಿಸಿ ದ್ರೋಣನ ಹೆಣದ ಹತ್ತಿರ ಕೂತಿದ್ದಾಳೆ. ಗಾಂಧಾರಿ ಕೃಷ್ಣನಿಗೆ ತೋರಿಸುತ್ತಾಳೆ. ಶಿಷ್ಯರು ಬಿಲ್ಲು, ಶಕ್ತ್ಯಾಯುಧ, ಮುರಿದ ರಥದ ಮರ ಒಟ್ಟಿ ಚಿತೆ ಮಾಡಿದರು. ಸಾಮವೇದ ಹಾಡಿದರು. ಬೆಂಕಿಯನ್ನು ಸುತ್ತಿ, ಕೃಪಿಯನ್ನು ಮುಂದಿಟ್ಟುಕೊಂಡು ಗಂಗೆಯ ಕಡೆ ನಡೆದರು. ಮಗ ಬದುಕಿದ್ದ. ಅಲ್ಲಿರಲಿಲ್ಲ.