ತರಬೇತುದಾರನ ಕಿವಿ

ವಾಲಿಬಾಲ್ ನಿಯಮಗಳ ಪ್ರಕಾರ, ಪಂದ್ಯದ ನಡುವೆ ರೆಫರಿಯೊಂದಿಗೆ ಮಾತನಾಡುವ ಅಧಿಕಾರ ಆಟಗಾರರ ಪೈಕಿ ಕೋರ್ಟ್‌ನಲ್ಲಿರುವ ನಾಯಕನೊಬ್ಬನಿಗೇ ಇದೆ. ಅದೂ ಚೆಂಡು ಆಟದಲ್ಲಿಲ್ಲದಾಗ ಮಾತ್ರ. ನಿಯಮದ ವಿವರಣೆ ಕೇಳುವುದರ ಜೊತೆಗೆ ಸಹ ಆಟಗಾರರ ಕೋರಿಕೆ, ಪ್ರಶ್ನೆಗಳನ್ನು ತಲುಪಿಸುವುದೂ ಅವನ ಕೆಲಸವೆಂದು ಅದೇ ನಿಯಮ ಹೇಳುತ್ತದೆ. ಕೋಲಾರದಲ್ಲಿ ಹುಡುಗರಿಗೆ ತರಬೇತಿ ನೀಡುವ ನಾನು ಹೊಸ ನಾಯಕನಿಗೆ ಮೊದಲು ಓದಿಸುವುದು ಇದನ್ನೇ. ಉಳಿದ ಐವರು ಏನು ಕಂಡರೆಂದು ಕೇಳಿಕೊಳ್ಳದೆ ರೆಫರಿಯತ್ತ ಧಾವಿಸುವವನು ತನ್ನ ಸಿಟ್ಟನ್ನಷ್ಟೇ ತಲುಪಿಸಿ ಬರುತ್ತಾನೆ.

ಕೋಚ್‌ಗಳದ್ದೂ ಬೇರೆ ಕಥೆಯಲ್ಲ. ಪ್ರತಿ ಸೆಟ್‌ನಲ್ಲಿ ತಂಡಕ್ಕೆ 30 ಸೆಕೆಂಡುಗಳ ಎರಡು ಟೈಮ್‌ಔಟ್ ಸಿಗುತ್ತವೆ. ಅಷ್ಟನ್ನೂ ನಾವೇ ಕೂಗಾಡಿ ಮುಗಿಸಿದರೆ ಹುಡುಗರು ನೀರು ಕುಡಿಯುತ್ತ ತಲೆಯಾಡಿಸುತ್ತಾರೆ, ಅಷ್ಟೆ. ನೆಟ್ ಬಳಿ ಜಿಗಿದು ನಮ್ಮ ಹೊಡೆತ ತಡೆಯುವ ಎದುರಾಳಿಯ ಬ್ಲಾಕ್ ಯಾವ ಕಡೆ ತಡವಾಗುತ್ತಿದೆ ಎಂದು, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ನನ್ನು ಒಂದೇ ಒಂದು ಪ್ರಶ್ನೆ ಕೇಳಿದರೆ, ಬೆಂಚಿನಿಂದ ಕಾಣದ ಸಂಗತಿ ಹೊರಬರುತ್ತದೆ. ತೀರ್ಮಾನ ಆಮೇಲೂ ಕೋಚ್‌ನದೇ. ಕೇಳಿಸಿಕೊಳ್ಳುವುದೆಂದರೆ ಒಪ್ಪಿಬಿಡುವುದು ಎಂದೇನಲ್ಲ.

ನಮ್ಮ ಸ್ಮ್ಯಾಷರ್ ಒಬ್ಬನ ಹೊಡೆತಗಳು ಬೆಳಗಿನ ಅಭ್ಯಾಸದಲ್ಲಿ ನೆಟ್‌ಗೆ ಬೀಳತೊಡಗಿದವು. ಮೊಣಕೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಸಂಜೆ ಅದೇ ತೋಳು ಸಲೀಸಾಗಿ ಮೇಲೇಳುತ್ತಿತ್ತು. ನೋಡಿದವರೆಲ್ಲ ಸೋಮಾರಿತನ ಎಂದರು. "ಏನಪ್ಪಾ, ತೋಳು ಏಳ್ತಿಲ್ವಲ್ಲ?" ಎಂದು ಕೇಳಿದೆ. "ಏನಿಲ್ಲ ಸಾರ್" ಎಂದ. ಮತ್ತೆ ಕೆದಕದೆ ನೆಟ್ ಬಿಚ್ಚತೊಡಗಿದೆ. ಅವನೂ ಇನ್ನೊಂದು ಕಂಬದ ಹಗ್ಗ ಸಡಿಲಿಸುತ್ತ, ನನ್ನ ಮುಖ ನೋಡದೆಯೇ, "ಬೆಳಗಿನ ಜಾವ ಟೊಮೆಟೊ ಮಂಡೀಲಿ ಬಾಕ್ಸ್ ಇಳಿಸ್ತೀನಿ ಸಾರ್" ಎಂದ. 15 ಕೆ.ಜಿ.ಯ ಟೊಮೆಟೊ ಬಾಕ್ಸ್‌ಗಳನ್ನು ಎತ್ತಿಳಿಸಿ ದಣಿದ ಭುಜಕ್ಕೆ ಇನ್ನಷ್ಟು ಸ್ಮ್ಯಾಷ್ ಹೊಡೆಸುವುದೆಂದರೆ ಗಾಯವನ್ನು ಕರೆದು ಕೂರಿಸಿದಂತೆ. ಹೊಡೆತದ ಅಭ್ಯಾಸವನ್ನು ಸಂಜೆಗೆ ಹಾಕಿ, ಬೆಳಿಗ್ಗೆ ಕಾಲಿನ ಚಲನೆಗಷ್ಟೇ ಒತ್ತು ಕೊಟ್ಟೆವು.

ಕ್ರೈಸ್ತನಾದ ನನಗೆ ಈ ರೀತಿಯ ಪ್ರಶ್ನೆಯ ಮಾದರಿ ಸಿಕ್ಕಿದ್ದು ಬೈಬಲ್‌ನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ. ಯೆರಿಕೋದಿಂದ ಹೊರಟಿದ್ದ ಯೇಸುಸ್ವಾಮಿಯನ್ನು ದಾರಿಬದಿಯ ಕುರುಡ ಭಿಕ್ಷುಕ ಬಾರ್ತಿಮಾಯ ಕೂಗಿ ಕರೆಯುತ್ತಾನೆ. ಜನ ಗದರಿಸಿ ಬಾಯಿ ಮುಚ್ಚಿಸಲು ನೋಡುತ್ತಾರೆ. ಸ್ವಾಮಿ ನಿಲ್ಲುತ್ತಾರೆ, ಅವನನ್ನು ಕರೆಸುತ್ತಾರೆ, ನಿನಗಾಗಿ ಏನು ಮಾಡಬೇಕೆಂದು ಕೇಳುತ್ತಾರೆ. ಕಣ್ಣಿಲ್ಲದವನಿಗೆ ಏನು ಬೇಕೆಂಬುದು ಅಲ್ಲಿದ್ದ ಯಾರಿಗೆ ತಾನೇ ಗೊತ್ತಿರಲಿಲ್ಲ? ಆದರೂ ಅದನ್ನು ಅವನ ಬಾಯಿಂದಲೇ ಕೇಳಿದ್ದರಿಂದ, ಅಷ್ಟು ಹೊತ್ತು ಗದ್ದಲವೆನಿಸಿದ್ದ ಅವನ ಕೂಗು ಒಬ್ಬ ಮನುಷ್ಯನ ಬೇಡಿಕೆಯಾಯಿತು.

ಕ್ರೈಸ್ತ ಸಭೆಯ ಹಿರಿಯರಾದ ನಾವು ಇದರಲ್ಲಿ ಕೋಚ್‌ಗಳಿಗಿಂತ ಮೇಲೇನೂ ಅಲ್ಲ. ಕಷ್ಟ ಹೇಳಿಕೊಳ್ಳಲು ಬಂದವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಬೈಬಲ್‌ನ ಒಂದು ವಾಕ್ಯ ಎತ್ತಿ ಹೇಳಿ ಕಳಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಬೈಬಲ್‌ನಲ್ಲಿ, ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ಮಾತಿಲ್ಲದೆ ಕೂತಿದ್ದರು. ಕೆಲಸ ಕೆಟ್ಟದ್ದು ಬಾಯಿ ತೆರೆದ ಮೇಲೆ.

ಮೈದಾನ ಮತ್ತು ದೇವಾಲಯ ಎರಡರಲ್ಲೂ ಇರುವವರು ಇನ್ನೊಂದು ಎಚ್ಚರ ವಹಿಸಬೇಕು. ಆಟಗಾರ ನಂಬಿ ಹೇಳಿಕೊಂಡ ಮನೆಯ ಸಂಕಟ, ಅವನ ಒಪ್ಪಿಗೆಯಿಲ್ಲದೆ ಭಾನುವಾರದ ಪ್ರಾರ್ಥನಾ ವಿಷಯವಾಗಬಾರದು. ಹೆಸರು ಹೇಳದಿದ್ದರಾಯಿತು ಎಂಬ ಸಮಾಧಾನ ಸಾಲದು, ಏಕೆಂದರೆ ಕೋಲಾರದಂಥ ಊರಿನಲ್ಲಿ ಅದು ಯಾರೆಂದು ಊಹಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.