ಟಾರಿಗಿಂತ ಮೊದಲು ನೀರಿನ ಲೆಕ್ಕ: ಕೊಡಗಿನ ಪಾರ್ಕಿಂಗ್ ಅಂಗಳದ ಟಿಪ್ಪಣಿ

ರೆಸಾರ್ಟ್, ಕಲ್ಯಾಣ ಮಂಟಪ, ಕಾಫಿ ಕ್ಯೂರಿಂಗ್ ಘಟಕಗಳ ಅಂಗಳಕ್ಕೆ ಟಾರು ಹಾಕುವುದೆಂದರೆ ಚಿಕ್ಕ ರಸ್ತೆ ಮಾಡಿದಂತೆ ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ರಸ್ತೆಯಲ್ಲಿ ಚಕ್ರ ಉರುಳಿ ಹೋಗುತ್ತದೆ. ಅಂಗಳದಲ್ಲಿ ಟೂರಿಸ್ಟ್ ಬಸ್ಸು ಗಂಟೆಗಟ್ಟಲೆ ನಿಲ್ಲುತ್ತದೆ, ನಿಂತಲ್ಲೇ ಸ್ಟೇರಿಂಗ್ ತಿರುಗಿಸುತ್ತಾರೆ. ಬಿಟುಮೆನ್, ಅಂದರೆ ಟಾರಿನಲ್ಲಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು, ಕ್ಷಣದ ಭಾರವನ್ನು ಗಟ್ಟಿಯಾಗಿ ತಡೆಯುತ್ತದೆ, ನಿಂತ ಭಾರಕ್ಕೆ ಬೆಲ್ಲದ ಪಾಕದ ಹಾಗೆ ಮೆಲ್ಲನೆ ಸರಿಯುತ್ತದೆ. ಹಾಗಾಗಿ ಕಾರು ನಿಲ್ಲುವಲ್ಲಿ ವಿಜಿ-30 ದರ್ಜೆಯ ಬಿಟುಮೆನ್ ಸಾಕು, ಬಸ್ಸು ನಿಲ್ಲುವಲ್ಲಿ ಅದಕ್ಕಿಂತ ಗಟ್ಟಿಯಾದ ವಿಜಿ-40 ಕೇಳಿ. ಲಾರಿ ನಿಂತು ಡೀಸೆಲ್, ಆಯಿಲ್ ತೊಟ್ಟಿಕ್ಕುವ ಜಾಗಕ್ಕೆ ಟಾರೇ ಬೇಡ, ಕಾಂಕ್ರೀಟ್ ಹಾಕಿ. ಎಣ್ಣೆ ಟಾರನ್ನು ಕರಗಿಸುತ್ತದೆ.

ನೀರಿನ ಲೆಕ್ಕ ಇದಕ್ಕಿಂತ ದೊಡ್ಡದು. 20 ಮೀಟರ್ ಅಗಲ, 30 ಮೀಟರ್ ಉದ್ದದ ಅಂಗಳ ಎಂದುಕೊಳ್ಳಿ: 600 ಚದರ ಮೀಟರ್. ಆಟಿಯಲ್ಲಿ (ಜುಲೈ–ಆಗಸ್ಟ್ ನಡುವಿನ ಮಳೆ ತಿಂಗಳು) ಮಡಿಕೇರಿ ಕಡೆ ಒಂದೇ ದಿನ 100 ಮಿ.ಮೀ. ಸುರಿಯುವುದು ಅಪರೂಪವಲ್ಲ. ಅಷ್ಟು ಮಳೆಗೆ ಈ ಅಂಗಳದ ಮೇಲೆ ಬೀಳುವುದು 60,000 ಲೀಟರ್. ಮೇಲಿನ ಬರೆಯಿಂದ (ಗುಡ್ಡದ ಕಡಿದಾದ ಬದಿ) ಇಳಿದು ಬರುವುದು ಬೇರೆ. ಕುಶಾಲನಗರದಲ್ಲಿ ಮಳೆ ಇದಕ್ಕಿಂತ ಬಹಳ ಕಡಿಮೆ. ಅಲ್ಲಿ ಬಾಳಿದ ಅಂಗಳದ ಅಳತೆಯನ್ನೇ ಭಾಗಮಂಡಲಕ್ಕೆ ಒಯ್ದರೆ ನಡೆಯದು.

ಮೇಲಿನ ನೀರಿಗೆ ವಾಟ ಬೇಕು. ಮೀಟರಿಗೆ 2 ಸೆಂ.ಮೀ., ಅಂದರೆ 20 ಮೀಟರಿಗೆ 40 ಸೆಂ.ಮೀ. ಇಳಿತ. ಈ ವಾಟವನ್ನು ಮಣ್ಣಿನ ಮಟ್ಟದಲ್ಲೇ ತೆಗೆಯಬೇಕು. ಟಾರಿನ ದಪ್ಪ ಹೆಚ್ಚುಕಡಿಮೆ ಮಾಡಿ ವಾಟ ಸರಿಪಡಿಸುತ್ತೇನೆ ಎನ್ನುವ ಮೇಸ್ತ್ರಿಯನ್ನು ನಂಬಬೇಡಿ.

ಅಡಿಯ ನೀರು ಕಣ್ಣಿಗೆ ಬೀಳುವುದಿಲ್ಲ, ಹಾಳು ಮಾಡುವುದು ಹೆಚ್ಚಾಗಿ ಅದೇ. ಇಲ್ಲಿನ ಬಹುಪಾಲು ಅಂಗಳಗಳು ಗುಡ್ಡ ಕಡಿದು ಮಾಡಿದವು: ಒಳಬದಿ ಕಡಿದ ನೆಲ, ಹೊರಬದಿ ಅದೇ ಕೆಂಪು ಮಣ್ಣು ಸುರಿದ ಭರ್ತಿ. ಜುಲೈ ಹೊತ್ತಿಗೆ ಬರೆಯ ಬುಡದಲ್ಲಿ ಒರತೆ ಏಳುತ್ತದೆ. ಅದಕ್ಕೆ ಬುಡದುದ್ದಕ್ಕೂ ಸುಮಾರು 60 ಸೆಂ.ಮೀ. ಆಳದ ಕಾಲುವೆ ತೋಡಿ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ ಪೈಪ್ ಇಟ್ಟು, 20 ಮಿ.ಮೀ. ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಚಬೇಕು. ಪೈಪಿನ ಬಾಯಿ ಭರ್ತಿ ಮಣ್ಣಿನ ಮೇಲೆ ತೆರೆಯಲೇಬಾರದು. 2018ರ ಆಗಸ್ಟಿನ ಗುಡ್ಡ ಕುಸಿತ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಭರ್ತಿಯನ್ನು ಗುಡ್ಡಕ್ಕೆ ಮೆಟ್ಟಿಲು ಕಡಿದು, 20 ಸೆಂ.ಮೀ.ಗೊಂದು ಪದರದಂತೆ ರೋಲರ್ ಓಡಿಸುತ್ತಾ ಏರಿಸಬೇಕು. ಹಾಗೆ ಮಾಡದಿದ್ದರೆ ಕಡಿದ ನೆಲ, ಭರ್ತಿ ಸೇರುವ ಗೆರೆಯ ಮೇಲೆಯೇ ಉದ್ದನೆಯ ಬಿರುಕು ಬರುತ್ತದೆ.

ಮಣ್ಣು ತಯಾರಾಯಿತೇ ಎಂದು ನೋಡಲು ಲೋಡ್ ಟಿಪ್ಪರನ್ನು ನಡಿಗೆಯ ವೇಗದಲ್ಲಿ ಓಡಿಸಿ, ಹಿಂದಿನ ಚಕ್ರವನ್ನೇ ನೋಡುತ್ತಾ ಜೊತೆಗೆ ನಡೆಯಿರಿ. ಚಕ್ರದ ಮುಂದೆ ಮಣ್ಣು ಅಲೆಯಂತೆ ಎದ್ದು ಮತ್ತೆ ಕುಳಿತರೆ ಅಲ್ಲಿ ಅಗೆದು ತೆಗೆದು ಗಟ್ಟಿ ಮಣ್ಣು ತುಂಬಬೇಕು.

ಇದರ ಮೇಲೆ ಜಿಎಸ್‌ಬಿ (ಜಲ್ಲಿಯ ತಳಪದರ) 150 ಮಿ.ಮೀ., ವೆಟ್ ಮಿಕ್ಸ್ (ನೀರು ಬೆರೆಸಿ ಬಿಗಿದ ಜಲ್ಲಿ) 150 ಮಿ.ಮೀ., ಡಿಬಿಎಂ (ಬಿಟುಮೆನ್ ಬೆರೆಸಿದ ಜಲ್ಲಿಯ ಕೆಳಪದರ) 50, ಕೊನೆಗೆ ಬಿ.ಸಿ. (ಟಾರಿನ ಮೇಲ್ಪದರ) 30 ಮಿ.ಮೀ. ಇದು ಕಾರು ಮತ್ತು ಆಗೊಮ್ಮೆ ಈಗೊಮ್ಮೆ ಬಸ್ಸು ಬರುವ ಅಂಗಳಕ್ಕೆ, ಮಣ್ಣು ಗಟ್ಟಿ ಇದ್ದರೆ ಮಾತ್ರ. ಜಿಎಸ್‌ಬಿ ನೀರು ಬಸಿಯುವ ಪದರ, ಅದರ ಅಂಚು ಚರಂಡಿಗೆ ತೆರೆದಿರಬೇಕು. ಅಂದಕ್ಕೆಂದು ಸುತ್ತಲೂ ಕರ್ಬ್ ಕಾಂಕ್ರೀಟ್ ಹಾಕಿ ಮುಚ್ಚಿದರೆ ಅಂಗಳ ತೊಟ್ಟಿಯಾಗುತ್ತದೆ.

ಸಾಮಾನಿನ ಲೆಕ್ಕ ಸುಲಭ. ಬಿ.ಸಿ.: 600 × 0.03 = 18 ಘನ ಮೀಟರ್, ಸಾಂದ್ರತೆ 2.35 ಹಿಡಿದರೆ ಸುಮಾರು 42 ಟನ್. ಡಿಬಿಎಂ ಸುಮಾರು 70 ಟನ್. ಪ್ರೈಮ್ ಕೋಟ್ (ವೆಟ್ ಮಿಕ್ಸ್ ಮೇಲೆ ಸಿಂಪಡಿಸುವ ತೆಳು ಬಿಟುಮೆನ್) ಚದರ ಮೀಟರಿಗೆ 0.8 ಕೆ.ಜಿ.ಯಂತೆ 480 ಕೆ.ಜಿ., ಟ್ಯಾಕ್ ಕೋಟ್ (ಪದರಗಳನ್ನು ಅಂಟಿಸುವ, ನೀರು ಬೆರೆತ ಬಿಟುಮೆನ್) 0.25ರಂತೆ ಪದರಕ್ಕೆ 150 ಕೆ.ಜಿ. ಟ್ಯಾಕ್ ಕೋಟ್ ಕಂದು ಬಣ್ಣದಲ್ಲಿದ್ದರೆ ಅದರಲ್ಲಿ ಇನ್ನೂ ನೀರಿದೆ. ಪೂರ್ತಿ ಕಪ್ಪಾದ ಮೇಲೆಯೇ ಮಿಕ್ಸ್ ಸುರಿಯಬೇಕು.

ಬಿಸಿಯ ಮಾತು. ವಿಜಿ-30 ಮಿಕ್ಸ್ ಪ್ಲಾಂಟಿನಿಂದ 150–165 ಡಿಗ್ರಿಯಲ್ಲಿ ಹೊರಡುತ್ತದೆ, ಹಾಸುವಾಗ 140 ಇರಬೇಕು, ರೋಲಿಂಗ್ 90ಕ್ಕೆ ಇಳಿಯುವ ಮೊದಲು ಮುಗಿಯಬೇಕು. ಘಾಟಿ ಹತ್ತುವ ಟಿಪ್ಪರಿಗೆ ಟಾರ್ಪಾಲು ಕಟ್ಟದಿದ್ದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ, ಆ ಗಟ್ಟಿಗಳು ಹಾಸಿದ ಮೇಲೆ ಜಲ್ಲಿ ಕಿತ್ತುಬರುವ ಜಾಗಗಳಾಗುತ್ತವೆ. ಪ್ರತಿ ಲೋಡಿಗೂ ಥರ್ಮಾಮೀಟರನ್ನು ರಾಶಿಯ ಒಳಕ್ಕೆ ಚುಚ್ಚಿ ನೋಡಿ, ಮೇಲಿನ ಹೊಗೆ ನೋಡಿ ತೀರ್ಮಾನಿಸಬೇಡಿ. ಟಿಪ್ಪರಿನ ತಳಕ್ಕೆ ಅಂಟದಿರಲೆಂದು ಡೀಸೆಲ್ ಚಿಮುಕಿಸುವ ಚಾಳಿಯಿದೆ, ಸುಣ್ಣದ ನೀರು ಸಾಕು. ರೋಲರ್ ತಗ್ಗಿನ ಅಂಚಿನಿಂದ ಏರಿನತ್ತ ಸಾಗಲಿ, ಬಿಸಿ ಹಾಸಿನ ಮೇಲೆ ನಿಲ್ಲದಿರಲಿ.

ಕೆಲಸದ ಕಾಲ ಡಿಸೆಂಬರಿನಿಂದ ಏಪ್ರಿಲ್. ಕಾಫಿ ಕೊಯ್ಲೂ ಆಗಲೇ, ಆಳು ಸಿಗುವುದು ಕಷ್ಟ. ಜನವರಿಯ ಬೆಳಿಗ್ಗೆ ಇಬ್ಬನಿ ಆರುವವರೆಗೆ ಕಾಯಿರಿ. ಮಾರ್ಚ್ ನಂತರ ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತಾದರೂ ಬರಬಹುದು, ವೆಟ್ ಮಿಕ್ಸನ್ನು ಪ್ರೈಮ್ ಮಾಡದೆ ವಾರಗಟ್ಟಲೆ ಬಿಡಬೇಡಿ. (ಹೊಸ ಟಾರಿನ ಮೇಲೆ ಕಾಫಿ ಒಣಗಿಸುವ ಆಸೆ ಯಾರಿಗಾದರೂ ಬಂದರೆ ತಡೆಯಿರಿ. ಬೀಜ ವಾಸನೆ ಹೀರುತ್ತದೆ.)

ಮಳೆಗಾಲದ ನಂತರ ಹಾಳಾದ ಜಾಗದಿಂದ ಒಂದು ತುಂಡು ಕಿತ್ತು ನೋಡಿ. ಮೇಲೆ ಕಪ್ಪಾಗಿದ್ದು, ಅಡಿಯಲ್ಲಿ ಜಲ್ಲಿ ಬೆತ್ತಲೆಯಾಗಿ ತೊಳೆದಂತೆ ಬೆಳ್ಳಗೆ ಕಂಡರೆ ನೀರು ಕೆಳಗಿನಿಂದ ಬಿಟುಮೆನ್ ಬಿಡಿಸಿದೆ. ಬಿರುಕಿನಲ್ಲಿ ಕೆಂಪು ಕೆಸರು ಉಕ್ಕಿ ಒಣಗಿದ್ದರೆ ತಳದ ಮಣ್ಣೇ ಮೇಲೆ ಬರುತ್ತಿದೆ. ಎರಡರಲ್ಲಿ ಯಾವುದು ಕಂಡರೂ, ಮೇಲೊಂದು ಪದರ ಟಾರು ಹೊದಿಸುವುದು ದಂಡ. ಆ ಭಾಗವನ್ನು ಚೌಕವಾಗಿ ಕತ್ತರಿಸಿ, ಜಿಎಸ್‌ಬಿವರೆಗೆ ಅಗೆದು, ನೀರಿನ ದಾರಿ ಹುಡುಕಿ ತಿರುಗಿಸಿದ ಮೇಲೆ ಮುಚ್ಚಬೇಕು.